ಓರಾ ಬೆಲ್ ಖಾಲಿ ಬಿಟ್ಟ ಜಾಗ

ಸನ್ನಿವೇಲ್, ಮೇ 2000

ಪ್ರೀತಿಯ ಪರ್ವೀನಕ್ಕಾ,

ನಿನ್ನ ರೇಡಿಯೋ ಸ್ಟೇಷನ್ನಿನವರು ಕೊಡುತ್ತೇವೆ ಅಂದದ್ದು: ಗಾಯಕಿ ಓರಾ ಬೆಲ್ ತೀರಿಕೊಂಡ ವಾರ ನಿನ್ನ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಇಡೀ ಒಂದು ಗಂಟೆ ಆಕೆಯ ಹಾಡು. ಕೊಟ್ಟದ್ದು: ಒಂದೇ ಹಾಡು. ಉಳಿದ ಹೊತ್ತೆಲ್ಲ ಷೇರುಪೇಟೆಯ ಪಂಡಿತರಿಗೆ. ಆಕೆಯ ಜೊತೆ ಹಾಡುತ್ತಿದ್ದ ಚರ್ಚಿನ ಹೆಂಗಸರನ್ನು ಸ್ಟುಡಿಯೋಗೆ ಕರೆಸುತ್ತೇವೆ ಅಂದರು. ಗೇಟಿನಲ್ಲೇ ತಡೆದು ವಾಪಸು ಕಳಿಸಿದರು. ಹೊಸ ಮಾಲೀಕರು ಬಂದರೂ ನಿನ್ನ ಕಾರ್ಯಕ್ರಮ ಮುಟ್ಟುವುದಿಲ್ಲ ಅಂದರು. ಮುಟ್ಟಿದರು. ಕತ್ತು ಹಿಡಿದು ಮುಟ್ಟಿದರು.

ಮೊದಲು ಅನ್ಯಾಯ ಹೇಳು, ಆಮೇಲೆ ಪ್ರೀತಿ ಮಾತಾಡು ಅಂತ ಚಳವಳಿ ನನಗೆ ಕಲಿಸಿದೆ. ಅನ್ಯಾಯ ಹೇಳಿಯಾಯಿತು.

ನಾನು ನಿನಗೆ ಮೊದಲು ಫೋನ್ ಮಾಡಿದ್ದೇ ಜಗಳಕ್ಕೆ. ಹರ್ಷಿತಾಗೆ ಕಂಪ್ಯೂಟರ್ ಚಿಪ್ ಕಂಪನಿಯ ಕೆಲಸ. ಅವಳ ಬೆನ್ನಿಗೆ ಬಂದ ಗಂಡ ನನಗೆ ಈ ದೇಶದಲ್ಲಿ ದುಡಿಯುವ ಹಕ್ಕಿಲ್ಲ. ಮಳವಳ್ಳಿಯಲ್ಲಿ ಜಾಥಾ ಕಟ್ಟಿ ತಾಲ್ಲೂಕು ಕಚೇರಿ ನಡುಗಿಸಿದವನು ಅಪಾರ್ಟ್‌ಮೆಂಟಿನಲ್ಲಿ ಸಾರು ಕುದಿಸುತ್ತ ರೇಡಿಯೋ ಕೇಳುತ್ತಿದ್ದೆ. "ಏನಕ್ಕಾ, ಬರೀ ಬೆಳದಿಂಗಳು, ಬರೀ ಮಲ್ಲಿಗೆ! ದುಡಿಯೋರ ಹಾಡು ನಿನ್ ಪೆಟ್ಟಿಗೇಲಿ ಇಲ್ವಾ?" ಅಂತ ರೇಗಿದೆ. "ಇದೆ ಕಣಪ್ಪಾ, ಬಾಯಿ ಮುಚ್ಕೊಂಡು ಕೇಳು. ಬೇಡ ಬೇಡ, ಬಾಯಿ ತಕ್ಕೊಂಡೇ ಕೇಳು" ಅಂತ ನೀನು ನಕ್ಕು, ಓರಾ ಬೆಲ್‌ಳ ರೆಕಾರ್ಡು ಹಾಕಿದೆ.

ಸೋಲ್ ಸಂಗೀತ ಅಂದರೇನೆಂದು ನನಗೆಲ್ಲಿ ಗೊತ್ತಿತ್ತು? ಕಪ್ಪು ಜನರ ಚರ್ಚಿನ ಗಂಟಲು ಬೀದಿಗೆ ಬಂದದ್ದು ಅಂತ ನೀನೇ ಹೇಳಿದೆ. ಆ ಹೆಂಗಸು ಒಂದು ಸಾಲು ಎತ್ತಿದಳು, ನಿಲ್ಲಿಸಿದಳು. ಏನೂ ಇಲ್ಲ, ಬರೀ ಮೌನ. ಆಮೇಲೆ ಮುಂದಿನ ಸಾಲು. ರೆಕಾರ್ಡು ಕೆಟ್ಟಿದೆ ಅಂದುಕೊಂಡೆ. ನೀನು ಬಿಡಿಸಿ ಹೇಳಿದೆ. ಈ ಹಾಡು ರೆಕಾರ್ಡು ಮಾಡಿದ ದಿನ ಕಂಪನಿ ಅವಳೊಬ್ಬಳನ್ನು ಒಳಗೆ ಬಿಟ್ಟು, ಜೊತೆಗಾತಿಯರನ್ನು ಹೊರಗೆ ನಿಲ್ಲಿಸಿತಂತೆ. ಅವರು ದನಿ ಕೊಡಬೇಕಾದ ಜಾಗಕ್ಕೆ ಬಾಡಿಗೆ ದನಿ ತುಂಬಲು ಅವಳು ಒಪ್ಪಲಿಲ್ಲ. ಖಾಲಿ ಬಿಟ್ಟೇ ಹಾಡಿದಳು. "ಈಗ ಅದು ನಿಮ್ ಜಾಗ. ಸುಮ್ನೆ ಕೂರಬೇಡಿ, ಕೂಗಿ!" ಅಂತ ಮೈಕಿನಲ್ಲಿ ನಮ್ಮನ್ನು ಗದರಿದೆ.

ಅಕ್ಕಾ, ನಾನು ಕೂಗಿದೆ. ಜಾಥಾದಲ್ಲಿ ಒಬ್ಬ ಎತ್ತಿದ್ದನ್ನು ಊರೇ ಹಿಡಿಯುವ ಹಾಗೆ ಕೂಗಿದೆ. ಕೆಳಮನೆಯವನು ಪೊರಕೆ ಕೋಲಿನಲ್ಲಿ ಸೂರು ಕುಟ್ಟಿದ. "ರೀ, ಲೀಸು ಕ್ಯಾನ್ಸಲ್ ಮಾಡ್ತಾರೆ, ಮೆತ್ತಗೆ ಕ್ರಾಂತಿ ಮಾಡ್ರೀ" ಅಂದಳು ಹರ್ಷಿತಾ. ಮುಂದಿನ ವಾರ ಅವಳದೇ ನನಗಿಂತ ಜೋರು.

ಮೈಸೂರಿನ ಮಂಡಿ ಮೊಹಲ್ಲಾದವಳು ನೀನು. ಡೇಕೇರಿನಲ್ಲಿ ಕಂಡವರ ಮಕ್ಕಳ ಮೂಗು ಒರೆಸಿ, ಸಂಜೆ ಆ ಸ್ಟೇಷನ್ನಿನಲ್ಲಿ ರೆಕಾರ್ಡುಗಳ ಧೂಳು ಒರೆಸುತ್ತ ಒರೆಸುತ್ತ ಮೈಕಿನ ಮುಂದೆ ಬಂದು ಕೂತವಳು. ಆ ಧೂಳಿನಡಿಯಲ್ಲೇ ನಿನಗೆ ಓರಾ ಬೆಲ್ ಸಿಕ್ಕಿದ್ದು. ಊರು ಮರೆತಿದ್ದ ಆ ಮುದುಕಿಯನ್ನು ಓಕ್ಲ್ಯಾಂಡಿನಲ್ಲಿ ಹುಡುಕಿ, ಬಿರಿಯಾನಿ ಡಬ್ಬಿ ಹಿಡಿದು ಹೋದವಳು. ಕನ್ನಡದ ನಡುವೆ ಇವಳ್ಯಾಕೆ ಅಂದ ಇಲ್ಲಿನ ಕನ್ನಡ ಸಂಘದ ಯಜಮಾನರಿಗೆ "ಗಂಟಲಿಗೆ ಪಾಸ್‌ಪೋರ್ಟ್ ಕೇಳ್ಬೇಡಿ ಸಾರ್" ಅಂದವಳು.

ಅಂಥವಳಿಗೆ ಆ ಭಾನುವಾರ ಏನು ಮಾಡಿದರು! ಸದ್ದು ನಿಂತ ಕೂಡಲೇ ತಾನಾಗಿ ಜಾಹೀರಾತು ಹಾಕುವ ಯಂತ್ರವನ್ನು ಹೊಸ ಮಾಲೀಕರು ಕೂರಿಸಿದ್ದರು. ಓರಾ ಬೆಲ್ ಸಾಲೆತ್ತಿ ನಿಲ್ಲಿಸಿದಳು. ನಾವು ಬಾಯಿ ತೆರೆದೆವು. ಇಂಟರ್ನೆಟ್ಟಿನಲ್ಲಿ ನಾಯಿ ಬಿಸ್ಕತ್ತು ಕೊಳ್ಳಿರಿ ಅಂತ ಒಬ್ಬ ಒದರಿದ. ಥೂ! ಅಂದು ಆ ಹೆಂಗಸರನ್ನು ಹೊರಗಿಟ್ಟರು, ಇಂದು ಅವರ ಖಾಲಿ ಜಾಗವನ್ನೂ ಮಾರಿಕೊಂಡರು. ನೀನು ಹೆಡ್‌ಫೋನು ಕಳಚಿಟ್ಟು ಎದ್ದು ಬಂದೆ. "ಮುಗೀತು ಕಣೋ ಪುಟ್ಟಸ್ವಾಮಿ. ಮೈಕೇ ಇಲ್ಲ ಅಂದ್ಮೇಲೆ ನಾನ್ಯಾವಳು?" ಅಂತ ನನಗೆ ಫೋನಿನಲ್ಲಿ ಅಂದವಳು, ಅಲ್ಲಿಂದೀಚೆಗೆ ಫೋನೂ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ.

ಯಾವಳು ಅಂತ ಕೇಳುತ್ತೀಯಲ್ಲ, ಕೇಳು. ಪೊಲೀಸರು ನಮ್ಮ ಮೈಕು ಕಿತ್ತುಕೊಂಡ ದಿನವೇ ನಮ್ಮ ಜಾಥಾಕ್ಕೆ ಅತಿ ಹೆಚ್ಚು ಜನ ಸೇರಿದ್ದು. ಮೈಕು ಅವರದಿರಬಹುದು. ಎತ್ತುವ ದನಿ ಅವರಪ್ಪನದಲ್ಲ, ನಿನ್ನದು.

ನಿನ್ನೆ ಓಕ್ಲ್ಯಾಂಡಿನ ಆಕೆಯ ಚರ್ಚಿಗೆ ಹೋಗಿ ಆ ಹೆಂಗಸರನ್ನು ಕಂಡು ಬಂದೆ. ಅಂದು ಸ್ಟುಡಿಯೋ ಹೊರಗೆ ನಿಂತಿದ್ದವರು, ಈಗ ಕೋಲೂರಿ ನಡೆಯುವವರು. ಓರಾ ಬೆಲ್‌ಳ ರೆಕಾರ್ಡು ಹಾಕಿ, ಆಕೆಯ ನೆನಪಿನ ಸಭೆಯಲ್ಲಿ ತಮ್ಮ ಜಾಗವನ್ನು ತಾವೇ ತುಂಬುತ್ತಾರಂತೆ. ನನ್ನ ತಮಟೆಗೂ ಕರೆ ಬಂದಿದೆ. ಮನೆಯ ಒಲೆಯಲ್ಲಿ ಅದನ್ನು ಕಾಯಿಸಲು ಹೋಗಿ ಹೊಗೆ ಅಲಾರಮ್ಮು ಹೊಡೆದು, ಹರ್ಷಿತಾ ನನ್ನ ಚರ್ಮವನ್ನೇ ಕಾಯಿಸಿದಳು. ಚರ್ಚಿನಲ್ಲಾದರೆ ಹಿತ್ತಲಲ್ಲಿ ಬೆಂಕಿ ಹಾಕಬಹುದು. ಆ ಹೆಂಗಸರದು ಒಂದೇ ಹಟ. ಮೊದಲ ಮಾತು ರೇಡಿಯೋದ ಪರ್ವೀನ್ ಆಡಬೇಕು, ಕನ್ನಡದಲ್ಲೇ ಆಡಬೇಕು.

ನೀನು ಬರದಿದ್ದರೆ ನಿನ್ನ ಬದಲಿಗೆ ಯಾರೂ ಮಾತಾಡುವುದಿಲ್ಲ. ಆ ಜಾಗ ಖಾಲಿ ಬಿಟ್ಟು ಕಾಯುತ್ತೇವೆ. ಓರಾ ಬೆಲ್ ಕಲಿಸಿದ್ದು ಅದನ್ನೇ ಅಲ್ಲವೇನಕ್ಕಾ?

ನಿನ್ನ ಗಂಟಲು ಎಂದೂ ಒಣಗದಿರಲಿ.

ನಿನ್ನ ಜಗಳಗಂಟ ತಮ್ಮ,
ಪುಟ್ಟಸ್ವಾಮಿ

ಓಕ್ಲ್ಯಾಂಡಿನ ಅದೇ ಚರ್ಚು. ಬರುವ ಭಾನುವಾರ, ಮಧ್ಯಾಹ್ನ ಮೂರು ಗಂಟೆ.