ಬಾಣಂತಿ ಕೋಣೆಯ ಬಾಗಿಲು

೪ ಜುಲೈ ೧೯೬೧
ಮತ್ತೆ ಮಳೆ. ಕೊಡೆ ಹಿಡಿದೇ ಒಂಟಿಕೊಪ್ಪಲಿನ ವಿಸಿಟ್ ಮುಗಿಸಿದೆ. ಸೀರೆ ಅಂಚೆಲ್ಲ ಕೆಸರು. ಹೆಲ್ತ್ ವಿಸಿಟರ್ ಕೆಲಸವೆಂದರೆ ಅರ್ಧ ನಡಿಗೆ, ಅರ್ಧ ಮಾತು. ಇವತ್ತು ಎರಡಕ್ಕೂ ತ್ರಾಣವಿಲ್ಲ. ಅಶೋಕಪುರಂ ನಾಳೆಗೆ.

೫ ಜುಲೈ, ಸಂಜೆ
ಒದ್ದೆ ಸೀರೆ ಬದಲಿಸಿದವಳೇ ಬರೆಯಲು ಕೂತೆ.

ಅಶೋಕಪುರಂನಲ್ಲಿ ಮಣ್ಣುಗೋಡೆಯ ಮನೆಗಳು ಕುಸಿಯುತ್ತಿದ್ದವು. ಫೈರ್ ಬ್ರಿಗೇಡಿನವರು ಎಲ್ಲರನ್ನೂ ಹೊರಗೆ ಕರೆತಂದಿದ್ದರು — ಒಂದು ಮನೆ ಬಿಟ್ಟು. ಅಲ್ಲಿ ಮಾದೇವಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. ಒಳಗೆ ಸೊಸೆ ಶಾರದ, ಮೊನ್ನೆ ಹೆತ್ತವಳು.

"ಬಾಣಂತಿ ಕೋಣೆ ಕಣಪ್ಪ. ಗಂಡಸ್ರು ಕಾಲಿಡಂಗಿಲ್ಲ. ಈ ಗಾಳೀಲಿ ಹಸಿ ಮೈಯವಳ್ನ ಈಚೆಗೆ ತಂದ್ರೆ ಸನ್ನಿ ಹಿಡೀತದೆ."

ದೊಡ್ಡ ಮೀಸೆಯ ಫೈರ್‌ಮನ್ ಮರಿಸ್ವಾಮಿ ಗದರಿದರು, ಬೇಡಿದರು. ತಳ್ಳಿಕೊಂಡು ನುಗ್ಗಲು ಅವರಿಗೂ ಮನಸ್ಸಿಲ್ಲ. ನನ್ನನ್ನು ಕಂಡು, "ನೀವಾದ್ರೂ ಹೇಳಿ ಅಮ್ಮಾವ್ರೇ. ಗೋಡೆ ಬಿರುಕು ಬಿಟ್ಬುಟ್ಟದೆ."

ವಾದಕ್ಕೆ ಹೊತ್ತಿರಲಿಲ್ಲ. "ಮಾದೇವಮ್ಮ, ಗಾಳಿ ತಾಗದ ಹಾಗೆ ಕರ್ಕೊಂಡು ಹೋಗೋಕೆ ಏನೇನು ಬೇಕು, ನೀವೇ ಹೇಳಿ," ಎಂದೆ.

ನನ್ನ ಮುಖ ನೋಡಿದರು. ಆಮೇಲೆ ಸರಸರ ಹೇಳಿದರು — ಕಂಬಳಿ, ಕಿವಿಗೆ ಹತ್ತಿ, ಕೈಗೊಂದು ಕಬ್ಬಿಣದ ಚೂರು. ಗಂಡಸರ ಕಣ್ಣು ಬೀಳಬಾರದು.

ಮರಿಸ್ವಾಮಿ ಒಡನೆ ಟಾರ್ಪಾಲು ಬಿಚ್ಚಿಸಿದರು. ಅವರ ಜನ ಬೆನ್ನು ತಿರುಗಿಸಿ, ಎರಡೂ ಕಡೆ ಪರದೆಯಂತೆ ಹಿಡಿದು ನಿಂತರು. ನಾನೂ ಮಾದೇವಮ್ಮನೂ ಒಳಗೆ. ಮೇಲಿಂದ ಮಣ್ಣು ಉದುರುತ್ತಿತ್ತು. ಮಗು ನನ್ನ ಎದೆಗೆ, ಶಾರದ ಅತ್ತೆಯ ಹೆಗಲಿಗೆ. ಬೀದಿ ದಾಟಿದೆವು.

ಹಿಂದೆ ದಬ್ಬೆಂದು ಸದ್ದು. ಆ ಕೋಣೆಯೇ.

೬ ಜುಲೈ
ಎಲ್ಲರಿಗೂ ಶಾಲೆಯಲ್ಲಿ ಜಾಗ. ಬಾಣಂತಿಗೆ ಮೂಲೆಯ ಸ್ಟೋರ್ ರೂಂ ಬಿಡಿಸಿಕೊಟ್ಟರು. ಪರಿಹಾರ ಕಮಿಟಿಯವರು ತಂದ ಮೊಸರನ್ನವನ್ನು ಮಾದೇವಮ್ಮ ಸೊಸೆಗೆ ಕೊಡಲಿಲ್ಲ — ಶೀತ. ಕಮಿಟಿಯ ವಸಂತಮ್ಮನವರಿಗೆ ಕೋಪ. "ಕೊಟ್ಟಿದ್ದನ್ನ ತಿನ್ನೋಕೆ ಏನಂತೆ?" ಬಿಸಿ ಅನ್ನ, ಮೆಣಸಿನ ಸಾರು ಆಗಬಹುದೇ ಎಂದು ಕೇಳಿದೆ. ಮುಖ ಊದಿಸಿಕೊಂಡು ಹೋದರು.

ಸಂಜೆ ಚಾಮರಾಜಪುರಂನಿಂದ ತಾವೇ ಸಾರಿನ ಪಾತ್ರೆ ಹಿಡಿದು ಬಂದರು. "ನಮ್ಮನೇಲಿ ಬೆಳ್ಳುಳ್ಳಿ ತರೋಲ್ಲ ಕಣ್ರೀ. ಬಾಣಂತಿಗೆ ಬೇಕಲ್ವೇ ಅಂತ ತರಿಸ್ದೆ." ಶಾರದ ಎರಡು ಸಲ ಬಡಿಸಿಕೊಂಡಳು.

೨೩ ಜುಲೈ
ಬರೆಯಲು ಪುರುಸೊತ್ತೇ ಇರಲಿಲ್ಲ. ಮಳೆ ನಿಂತಿದೆ. ತಾಯಿಗೆ ಜ್ವರವಿಲ್ಲ, ಮಗು ಗಟ್ಟಿ. ಸದ್ಯ!

ಇವತ್ತು ಶಾಲೆಯಲ್ಲೇ ತೊಟ್ಟಿಲ ಶಾಸ್ತ್ರ. ಮಾದೇವಮ್ಮ ಫೈರ್ ಬ್ರಿಗೇಡಿನವರನ್ನೂ ಕರೆಸಿದ್ದರು. ಮಗುವನ್ನು ಮರಿಸ್ವಾಮಿಯವರ ಕೈಗಿಟ್ಟು, "ಈಗ ನೋಡಪ್ಪ, ಬೇಕಾದಷ್ಟು ನೋಡು," ಎಂದರು. ಅವರು ಉಸಿರು ಬಿಗಿಹಿಡಿದು ನಿಂತುಬಿಟ್ಟರು. ಮಗು ಯೂನಿಫಾರಂ ಒದ್ದೆ ಮಾಡಿತು. "ಅವತ್ತು ನೆಂದಿದ್ದು ಸಾಲ್ದು ಅಂತಾನೆ ಕಣಮ್ಮ!" ಎಂದು ಅವರೇ ಕೂಗಿದರು. ಶಾರದ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕಿದ್ದನ್ನು ಕಂಡದ್ದು ಇದೇ ಮೊದಲು. ನಾನೂ ನಗುತ್ತಲೇ ಒಣಬಟ್ಟೆ ಹುಡುಕಲು ಎದ್ದೆ.