ಬಲ ಸೆರಗು

ತುಮಕೂರು
೧೫ ಜೂನ್ ೨೦೨೫

ತಿಪ್ಪಮ್ಮತ್ತೆಗೆ ನಿಮ್ಮ ತಮ್ಮನ ಮಗಳು ನಂದಿತಾ ಮಾಡುವ ಶರಣು.

ಗುಬ್ಬಿಯಿಂದ ಬಂದು ಮೂರು ದಿನವಾಯಿತು. ಆಫೀಸಿನಲ್ಲಿ ಕೂತರೂ ನೀವು ಕನ್ನಡಿ ಹಿಡಿದು ಕೂತದ್ದೇ ಕಣ್ಣ ಮುಂದೆ ಬರುತ್ತದೆ. ಫೋನಿನಲ್ಲಿ ಹೊಗಳಿದರೆ "ಸಾಕು ಬುಡೇ" ಎಂದು ಬಾಯಿ ಮುಚ್ಚಿಸುತ್ತೀರಿ. ಅದಕ್ಕೇ ಈ ಕಾಗದ. ಸುಮನಾ ಕೈಲಿ ಓದಿಸಿಕೊಳ್ಳಿ, ಮೊಮ್ಮಗಳಿಗೂ ಅಜ್ಜಿ ಎಂಥವರೆಂದು ಗೊತ್ತಾಗಲಿ.

ಮನೆತನದ ಪುಸ್ತಕಕ್ಕೆಂದು ನಾನು ಎರಡು ವರ್ಷ ಊರೂರು ಅಲೆದದ್ದು ನಿಮಗೆ ಗೊತ್ತು. ಹುಲಿಯೂರುದುರ್ಗದ ನಮ್ಮ ಹಳೇ ಮನೆ ಈಗಿಲ್ಲ. ಅದರದೊಂದು ಫೋಟೋ ಸಿಕ್ಕೀತೇ ಎಂಬ ಆಸೆ ನನಗೆ. ನಿಮ್ಮ ಆಸೆ ಬೇರೆ. ನಿಮಗೆ ಐದು ವರ್ಷವಿದ್ದಾಗ ತೀರಿಕೊಂಡ ಅವ್ವನ ಮುಖ ಒಂದು ಸಲ ನೋಡಬೇಕು ಎಂದು ನಾನು ಬಂದಾಗಲೆಲ್ಲ ಹೇಳುತ್ತಿದ್ದಿರಿ.

ಆ ಮನೆ ಕೊಂಡವರ ಸೊಸೆ ಮಂಜುಳಮ್ಮ ಕುಣಿಗಲ್ಲಿನಲ್ಲಿ ಸಿಕ್ಕರು. ಅವರ ಟ್ರಂಕಿನಲ್ಲಿ ಅಂಗೈಯಗಲದ ಫೋಟೋ, ಮನೆ ಮುಂದೆ ಒಬ್ಬ ಹೆಂಗಸು. ಅವರು ಅದನ್ನು ಕೊಡಲಿಲ್ಲ. ಮೊಬೈಲಿನಲ್ಲಿ ತೆಗೆದುಕೊಂಡು ಬಂದು, ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಅಪ್ಪನಿಗೆ ತೋರಿಸಿದೆ. ಆ ಮನೆಯಲ್ಲೇ ಬೆಳೆದ ಅಪ್ಪ ಒಂದೇ ಮಾತಿಗೆ ತಳ್ಳಿಹಾಕಿದರು: "ನಮ್ಮನೆ ಬಾವಿ ಎಡಗಡೆ ಇತ್ತು. ಇಲ್ಲಿ ಬಲಗಡೆ ಐತೆ. ಯಾರ ಮನೇನೋ ಏನೋ." ಅವ್ವ ಹೋದಾಗ ಅಪ್ಪ ಕೈಗೂಸು, ಹೆಂಗಸಿನ ಗುರುತು ಅವರಿಗೆಲ್ಲಿಂದ ಸಿಗಬೇಕು. ಮೊಬೈಲಿನಿಂದಲೂ ಅಳಿಸಿಬಿಡೋಣ ಎಂದುಕೊಂಡೆ. ನಿಮಗೆ ತೋರಿಸಿದ್ದು ಸುಮ್ಮನೆ, ಚೀಲದಲ್ಲಿತ್ತು ಅಂತ.

ನಾವು ಬಾವಿ ನೋಡಿದೆವು, ನೀವು ಆ ಹೆಂಗಸನ್ನು ನೋಡಿದಿರಿ. ಆಮೇಲೆ ಸುಮನಾಗೆ ತಲೆ ಬಾಚುವ ಕನ್ನಡಿ ತರಲು ಹೇಳಿ, ಅದನ್ನು ಫೋಟೋಗೆ ಎದುರಾಗಿ ಹಿಡಿದಿರಿ. ಕನ್ನಡಿಯೊಳಗೆ ಬಾವಿ ಎಡಕ್ಕೆ ಹೋಯಿತು, ಹೆಂಗಸಿನ ಸೆರಗು ಎಡ ಹೆಗಲಿಂದ ಬಲ ಹೆಗಲಿಗೆ ಬಂತು. "ಬಾಗ್ಲು ನಮ್ದೇ, ಕಂಬ ನಮ್ದೇ, ಎಲ್ಲಾ ಅತ್ಲಾಗಿಂದು ಇತ್ಲಾಗ್ ಬಂದೈತೆ. ನಮ್ಮವ್ವ ಬಲ ಸೆರಗು ಹೊದೀತಿದ್ಲು ಕಣೇ. ಎತ್ಕೊಂಡಾಗ ನಾನು ಅದುನ್ನೇ ಹಿಡ್ಕೊಂಡಿರ್ತಿದ್ದೆ. ಮುಖ ಮರ್ತೋಯ್ತು, ಸೆರಗು ಮರೀನಿಲ್ಲ" ಎಂದಿರಿ.

ಎಂಬತ್ತೊಂದು ವರ್ಷ ನಿಮಗೆ, ಶಾಲೆ ಮೆಟ್ಟಿಲು ಹತ್ತಿದವರಲ್ಲ. ಹಳೇ ಪಹಣಿಗಳನ್ನೆಲ್ಲ ತಡಕಾಡಿದ ನನಗೆ ಹೊಳೆಯದ್ದು ನಿಮಗೆ ಹೊಳೆಯಿತು. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಕನ್ನಡಿಯೊಳಗಿನ ಮುಖದ ಮೇಲೆ ಬೆರಳಾಡಿಸುತ್ತ ನೀವು "ಅವ್ವ" ಎಂದಾಗ ಸುಮನಾ ಅಡಿಗೆಮನೆಗೆ ಓಡಿದಳು.

ಸರಿಯಾಗಿ ಮುದ್ರಿಸಿದ ಫೋಟೋ ಇದರ ಜೊತೆಗಿದೆ. ಅಪ್ಪ ನೋಡಿ "ಅಕ್ಕ ಗೆದ್ಲು" ಎಂದರು. ಪುಸ್ತಕದಲ್ಲಿ ಇದರ ಕೆಳಗೆ, ಗುರುತು ಹಿಡಿದವರು ತಿಪ್ಪಮ್ಮ ಎಂದು ಹಾಕುತ್ತೇನೆ. ಬೇಡ ಎನ್ನಬೇಡಿ.

ನಿಮ್ಮ ಮುದ್ದಿನ
ನಂದಿತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅವತ್ತು ನೀವು ಸ್ಟುಡಿಯೋದವನಿಗೆ ಕಣ್ಣಿಲ್ಲವೇ ಎಂದು ಬೈದಾಗ ನಾನೂ ತಲೆಯಾಡಿಸಿದೆ. ಅವನು ಸರಿಯಾಗಿಯೇ ಮಾಡಿಕೊಟ್ಟಿದ್ದ. ಸೆರಗು ಬಲಕ್ಕಿದ್ದದ್ದು ಕಂಡು, ಎಲ್ಲರೂ ಹೊದೆಯುವುದು ಎಡಕ್ಕಲ್ಲವೇ, ಇದು ಉಲ್ಟಾ ಆಗಿದೆ, ತಿರುಗಿಸಿ ಎಂದು ಹಟ ಹಿಡಿದವಳು ನಾನು. ನಿಮ್ಮ ಅವ್ವನನ್ನು ಎರಡನೇ ಸಲ ನಿಮಗೆ ಇಲ್ಲವಾಗಿಸಲು ಹೊರಟಿದ್ದವಳು ನಾನೇ ಅತ್ತೆ. ಸುಮನಾ, ಇದನ್ನೂ ಬಿಡದೆ ಅಜ್ಜಿಗೆ ಓದಿ ಹೇಳಮ್ಮ.