ತಡೆದೆ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ

ಮಾರ್ಚ್ ೩, ಸೋಮವಾರ

ಪ್ರೀತಿಯ ಗುಂಡು,

ನಿನ್ನ ಕಾಗದ ಬಂದು ತಿಂಗಳಾಯಿತು. ಅಕ್ಕನಿಗೆ ಕೊಬ್ಬು ಅಂತ ಬೈದುಕೊಂಡಿರುತ್ತೀಯ, ಬೈದುಕೋ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ "ನಾವೆಲ್ಲ ಕ್ಷೇಮ" ಅನ್ನುವಲ್ಲಿಗೆ ಬಂದು ಪೆನ್ನು ನಿಂತುಹೋಯಿತು. ಕ್ಷೇಮವೇನೋ ಹೌದು. ನಿನ್ನ ಭಾವನ ಮಂಡಿನೋವು ಹಾಗೇ ಇದೆ. ಎದ್ದರೆ ಕಟಕ್, ಕೂತರೆ ಕಟಕ್. ಮನೆಯಲ್ಲಿ ನನಗಿಂತ ಹೆಚ್ಚು ಮಾತಾಡುವುದು ಈಗ ಆ ಮಂಡಿಗಳೇ. ನಿನ್ನ ಮಗಳು ಈಜು ಕಲಿಯುತ್ತಿದ್ದಾಳೆ ಅಂತ ಬರೆದಿದ್ದೆಯಲ್ಲ, ಓದಿ ಖುಷಿಯಾಯಿತು. ನೀರಿಗೆ ಹೆದರುತ್ತಿದ್ದ ಅಪ್ಪನ ಮಗಳು.

ಆದರೆ ಹದಿನೈದು ದಿನದಿಂದ ಒಂದು ವಿಷಯ ಒಳಗೇ ಇಟ್ಟುಕೊಂಡಿದ್ದೇನೆ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಆಗುವುದಿಲ್ಲ.

ಶಾಲೆಯ ಕೆಲಸ ಬಿಟ್ಟ ಮೇಲೆ ನಾನು ಆಸ್ಪತ್ರೆಯ ಕಚೇರಿಯಲ್ಲಿ ಕಾಗದಪತ್ರ ಇಂಗ್ಲಿಷಿಗೆ ಮಾಡಿಕೊಡುವುದು ನಿನಗೆ ಗೊತ್ತು. ಹನ್ನೊಂದು ವರ್ಷವಾಯಿತು, ಇನ್ನೂ ಎಲ್ಲರ ಬಾಯಲ್ಲಿ ಟೀಚರಮ್ಮನೇ. ಅಲ್ಲಿ ಮೇಲಿನ ಮಹಡಿಯಲ್ಲಿ ಮರೆವಿನ ಕಾಯಿಲೆಯ ವಯಸ್ಸಾದವರ ವಾರ್ಡು ಇದೆ. ಅಲ್ಲೊಬ್ಬ ಆಯಾ ಇದ್ದಾಳೆ, ಐವತ್ತರ ಹತ್ತಿರದ ಹೆಂಗಸು. ಇಂಗ್ಲಿಷು ಒಂದಕ್ಷರ ಬಾರದು. ಕಳೆದ ತಿಂಗಳು ಒಂದು ಬೆಳಿಗ್ಗೆ ಒಬ್ಬ ನಿವೃತ್ತ ಮೇಷ್ಟ್ರು ಹಾಸಿಗೆಯಿಂದೆದ್ದು ಸೀದಾ ಮೆಟ್ಟಿಲ ಕಡೆ ನಡೆದರು. ಆಗತಾನೆ ನೆಲ ಒರೆಸಿತ್ತು. ಆಯಾ ಓಡಿಹೋಗಿ ಅವರ ಕೈ ಹಿಡಿದಳು. ಅವರು ಕೊಸರಾಡಿದರು. ಬಿಟ್ಟರೆ ಹದಿನಾರು ಮೆಟ್ಟಿಲು ಕೆಳಗೆ. ಅವಳು ಬಿಡಲಿಲ್ಲ. ಮೇಷ್ಟ್ರ ಮುಂಗೈಯ ಹಳೇ ಮೂಳೆ ಸೀಳುಬಿಟ್ಟಿತು.

ಮೇಷ್ಟ್ರ ಮಗಳು ದೂರು ಕೊಟ್ಟಳು. ಆಯಾಳ ಹೇಳಿಕೆಯನ್ನು ಕನ್ನಡದಲ್ಲಿ ಬರೆದುಕೊಂಡು ಇಂಗ್ಲಿಷು ಮಾಡಿದವಳು ನಾನು. ಅವಳು ಹೇಳಿದ್ದು ಇಷ್ಟೇ: "ಅವ್ರು ಮೆಟ್ಲು ಕಡೆ ಹೊರಟಿದ್ರು. ನಾನು ತಡೆದೆ. ಕೂರಿಸ್ಕೊಂಡು, ನರ್ಸಮ್ಮ ಬರೋವರ್ಗೂ ಹಿಡ್ಕೊಂಡೇ ಇದ್ದೆ." ನಾನು 'ತಡೆದೆ' ಅನ್ನುವುದಕ್ಕೆ 'ರಿಸ್ಟ್ರೇನ್' ಅಂತ ಬರೆದೆ. ಹಿಡಿದುಕೊಂಡದ್ದಕ್ಕೂ ಅದನ್ನೇ ಬರೆದೆ. ಅವಳು ಕೆಳಗೆ ರುಜು ಹಾಕಿದಳು.

ನಿಘಂಟಿನಲ್ಲಿ ನೋಡಿದರೆ ತಪ್ಪಲ್ಲ ಗುಂಡು. ಆದರೆ ಆಸ್ಪತ್ರೆಯಲ್ಲಿ ಆ ಪದಕ್ಕೆ ಒಂದೇ ಅರ್ಥ: ರೋಗಿಯನ್ನು ಪಟ್ಟಿಯಿಂದ ಕಟ್ಟಿಹಾಕುವುದು. ಡಾಕ್ಟರ ರುಜುವಿಲ್ಲದೆ ಕಟ್ಟಿದರೆ ಕೆಲಸ ಹೋಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆ ನಿಯಮದ ಪುಸ್ತಕವನ್ನು ಕನ್ನಡಕ್ಕೆ ಮಾಡಿದವಳೂ ನಾನೇ.

ಆಯಾಳನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಹೋದ ಭಾನುವಾರ ನಮ್ಮ ಮನೆಗೇ ಬಂದಿದ್ದಳು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತು ಕೇಳಿದಳು, "ಟೀಚರಮ್ಮ, ನಾನು ಕಟ್ಹಾಕ್ದೆ ಅಂತ ನಿಮ್ಮತ್ರ ಹೇಳಿದ್ನಾ?"

"ಇಲ್ಲ" ಅಂದೆ.

"ಮತ್ತೆ ಅಲ್ಲಿ ಹಂಗೆ ಬರ್ದಿದೆಯಂತೆ. ಕೆಳಗೆ ನನ್ನ ರುಜು ಇದೆಯಂತೆ."

ನೋಡುತ್ತೇನೆ, ವಿಚಾರಿಸುತ್ತೇನೆ ಅಂತ ಏನೋ ಗೊಣಗಿ ಕಳಿಸಿದೆ. ಆಮೇಲೆ ನಿಘಂಟು ತೆಗೆದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾ ಹೋದೆ. ಸ್ಟಾಪ್ ಅಂದರೆ ತಡೆ. ಚೆಕ್ ಅಂದರೂ ತಡೆ. ಡಿಟೇನ್ ಅಂದರೆ ಪೊಲೀಸರು ತಡೆದಿಡುವುದು. ಕರ್ಬ್ ಅಂದರೆ ಕುದುರೆಗೆ ಕಡಿವಾಣ ಎಳೆದಂತೆ. ವಿತ್‌ಹೋಲ್ಡ್ ಅಂದರೆ ಕೊಡಬೇಕಾದದ್ದನ್ನು ಕೊಡದೆ ಇಟ್ಟುಕೊಳ್ಳುವುದು. ನಮ್ಮಲ್ಲಿ ಅಳುವನ್ನೂ ತಡೆಯುತ್ತೇವೆ, ಬಸ್ಸನ್ನೂ ತಡೆಯುತ್ತೇವೆ, ಬೀಳುವವರನ್ನೂ ತಡೆಯುತ್ತೇವೆ, ಒಂದೇ ಮಾತಿನಲ್ಲಿ. ಅವರಿಗೆ ಪ್ರತಿಯೊಂದಕ್ಕೂ ಬೇರೆ. ಅಷ್ಟೊಂದರಲ್ಲಿ 'ಹೋಲ್ಡ್' ಅನ್ನುವ ಸಣ್ಣ ಪದ, ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವ ಪದ, ನನಗೆ ಹೊಳೆಯಲಿಲ್ಲ.

ಗುರುವಾರ ವಿಚಾರಣೆ. ನಿನ್ನ ಭಾವ ಹೇಳುತ್ತಾರೆ, "ಸುಮ್ನಿದ್ಬಿಡು. ಅವ್ರೇ ಕೇಳಿ ತಿಳ್ಕೊತಾರೆ. ನೀನ್ಯಾಕೆ ಹೋಗಿ ತಲೆ ಕೊಡ್ತೀಯ?" ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ, ಅದೇ ಭಯ. ಒಪ್ಪಿಕೊಂಡರೆ ಹನ್ನೊಂದು ವರ್ಷದ ಕಾಗದಗಳನ್ನೆಲ್ಲ ಕೆದಕುತ್ತಾರೆ. ಅದರಲ್ಲಿ ಇನ್ನೆಷ್ಟು ಜನ ನನ್ನಿಂದ ಕೆಟ್ಟಿದ್ದಾರೋ. ಒಲೆ ಆರಿಸಿದೆನೋ ಇಲ್ಲವೋ ಅಂತ ಬೀದಿಯ ತುದಿಯಿಂದ ಎರಡು ಸಲ ವಾಪಸು ಬಂದೆ.

ಮುಗಿದ ಮೇಲೆ ಬರೆಯುತ್ತೇನೆ.

ನಿನ್ನ ಅಕ್ಕ



ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಗುಂಡು,

ವಿಚಾರಣೆಯಾಗಿ ಎಂಟು ದಿನ. ನೀನು ಎರಡು ಸಲ ಫೋನು ಮಾಡಿದಾಗಲೂ ನಾನು ಎತ್ತಲಿಲ್ಲ, ಕ್ಷಮಿಸು. ಬಾಯಲ್ಲಿ ಹೇಳಲಾಗದ್ದು ಕಾಗದದ ಮೇಲಾದರೂ ಬರುತ್ತದೇನೋ ಅಂತ ಕಾದೆ.

ಉದ್ದನೆಯ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು, ತಿರುಗುವಾಗೆಲ್ಲ ಟಿಕ್ ಅನ್ನುವ ಒಂದು ಫ್ಯಾನು. ದೊಡ್ಡ ಡಾಕ್ಟರು ನಡುವೆ, ಹೊರಗಿನಿಂದ ಬಂದ ಇಬ್ಬರು ಅವರ ಅಕ್ಕಪಕ್ಕ. ಈ ಕಡೆ ಮೇಷ್ಟ್ರ ಮಗಳು, ಅವಳ ಪಕ್ಕ ಕನ್ನಡದ ಹೇಳಿಕೆ ಹಿಡಿದುಕೊಂಡ ನಾನು. ಆಯಾಳಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿದ್ದರು. ಅವಳು ಅದರ ತುದಿಯಲ್ಲಿ ಕೂತಿದ್ದಳು, ಯಾವಾಗ ಬೇಕಾದರೂ ಎದ್ದು ಹೋಗು ಅಂದಾರು ಎನ್ನುವ ಹಾಗೆ. ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಓದಿದರು. ಆ ಪದ ಬಂದಾಗ ಹೊರಗಿನವರೊಬ್ಬರು ಅದರ ಕೆಳಗೆ ಗೆರೆ ಎಳೆದರು. ಪೆನ್ಸಿಲಿನ ಸದ್ದು ನನಗೆ ಕೇಳಿಸಿತು.

ಯಾವಾಗ ಎದ್ದೆನೋ ಗೊತ್ತಿಲ್ಲ. "ಸರ್, ಆ ಪದ ಆಕೆಯದಲ್ಲ, ನನ್ನದು" ಅಂದೆ. ಕನ್ನಡದಲ್ಲಿ ಅವಳು ಹೇಳಿದ್ದನ್ನು ಓದಿದೆ.

ದೊಡ್ಡ ಡಾಕ್ಟರು ಕನ್ನಡಕ ತೆಗೆದರು. "ಅಂದ್ರೆ ಇಷ್ಟು ವರ್ಷ ನೀವು ಬರೆದುಕೊಟ್ಟದ್ದನ್ನೆಲ್ಲ ನಾವು ಮತ್ತೆ ನೋಡ್ಬೇಕಾ, ಟೀಚರಮ್ಮ?"

"ನೋಡ್ಬೇಕು ಸರ್."

ದೊಡ್ಡ ಡಾಕ್ಟರು ಕನ್ನಡಕ ಹಾಕಿಕೊಂಡು ಆಯಾಳ ಕಡೆ ತಿರುಗಿ, "ಹೇಗೆ ಹಿಡಿದೆ, ತೋರ್ಸು" ಅಂದರು.

ಅವಳು ಸುತ್ತ ನೋಡಿ ನನ್ನ ಬಳಿಗೇ ಬಂದಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ನನ್ನ ಮುಂಗೈ ಹಿಡಿದಳು. ಇನ್ನೊಂದು ಕೈಯಿಂದ ತೋಳು ಸವರುತ್ತಾ, "ಇನ್ನೂ ಬೆಲ್ ಹೊಡ್ದಿಲ್ಲ ಮೇಷ್ಟ್ರೇ, ಮಕ್ಳು ಬಂದಿಲ್ಲ, ಚೂರು ಕೂತ್ಕೊಳ್ಳಿ" ಅಂದಳು. ಒರಟು ಕೈ ಗುಂಡು, ಸೋಪಿನ ನೀರಿನಲ್ಲಿ ಸವೆದ ಕೈ. ಹಿಡಿತ ಬಿಗಿ, ಆದರೆ ನೋವಿರಲಿಲ್ಲ.

ಮೇಷ್ಟ್ರ ಮಗಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮನೇಲೂ ಅಪ್ಪ ಬೆಲ್ ಆಯ್ತಾ ಅಂತಾನೇ ಕೇಳ್ತಿದ್ರು" ಅಂದಳು. ಆಮೇಲೆ ಸ್ವಲ್ಪ ಗಟ್ಟಿಯಾಗಿ, "ಕಟ್ಟಿಲ್ಲ ಅಂದ್ರೆ ಈಕೆ ಮೇಲೆ ನನ್ನ ದೂರಿಲ್ಲ. ಆದ್ರೆ ಅಂಥ ವಾರ್ಡಿನ ಮೆಟ್ಲಿಗೆ ಒಂದು ಬಾಗ್ಲು ಯಾಕಿಲ್ಲ, ಅದನ್ನ ಹೇಳಿ" ಅಂದಳು. ಹೊರಗಿನವರೊಬ್ಬರು ಅದನ್ನು ಬರೆದುಕೊಂಡರು.

ಆಯಾ ಸೋಮವಾರದಿಂದ ಕೆಲಸಕ್ಕೆ ಬಂದಿದ್ದಾಳೆ. ಮೆಟ್ಟಿಲಿಗೆ ಬಾಗಿಲು ಕೂರಿಸುತ್ತಿದ್ದಾರೆ. ಹಳೇ ಕಾಗದಗಳನ್ನು ಬೇರೊಬ್ಬರು ಓದಿ ಮುಗಿಸುವವರೆಗೆ ನನಗೆ ಹೊಸ ಕೆಲಸ ಕೊಡುವುದಿಲ್ಲವಂತೆ. ದಿನಾ ಹೋಗಿ ಖಾಲಿ ಮೇಜಿನ ಮುಂದೆ ಕೂತು ಬರುತ್ತೇನೆ. ಪಕ್ಕದ ಕೋಣೆಯಲ್ಲಿ ಹಾಳೆ ತಿರುವುವ ಸದ್ದಾದರೆ ಅದು ಯಾವ ವರ್ಷದ ಕಾಗದವೋ ಅಂತ ಲೆಕ್ಕ ಹಾಕುತ್ತೇನೆ. ನಿನ್ನ ಭಾವ ಬೈಯಲಿಲ್ಲ. ಮೊನ್ನೆ ತಾವೇ ಕಾಫಿ ಮಾಡಿ ತಂದುಕೊಟ್ಟರು. ಸಕ್ಕರೆ ಮರೆತಿದ್ದರು, ನಾನು ಹೇಳಲಿಲ್ಲ.

ಅವತ್ತು ವಿಚಾರಣೆ ಮುಗಿದು ಹೊರಗೆ ಬಂದಾಗ ಆಯಾ ನನಗಾಗಿ ಕಾದಿದ್ದಳು. ಕೈ ಮುಗಿಯುತ್ತಾಳೇನೋ ಅಂತ ನನಗೆ ನಾಚಿಕೆಯಾಗಿತ್ತು. ಅವಳು ಮುಗಿಯಲಿಲ್ಲ. "ಸಿಟ್ಟಿಲ್ಲ ಟೀಚರಮ್ಮ" ಅಂದಳು. "ಆದ್ರೆ ಒಂದು ಕೇಳ್ತೀನಿ. ಹಿಡ್ಕೊಂಡೆ ಅಂದ್ರೆ ಕಟ್ಹಾಕ್ದೆ ಅಂತ ನಿಮ್ಗೆ ಯಾಕೆ ಅನ್ನಿಸ್ತು?"

ಲಿಫ್ಟ್ ಬಂತು. ನಾನು ಒಳಗೆ ಹೋಗಿಬಿಟ್ಟೆ.

ನಿನಗೂ ನಿನ್ನ ಹೆಂಡತಿಗೂ ಎಲ್ಲ ಒಳ್ಳೆಯದಾಗಲಿ. ಮಗಳಿಗೆ ಅತ್ತೆಯ ಮುತ್ತು. ಆಳದ ನೀರಿಗೆ ಒಬ್ಬಳೇ ಇಳಿಯಬಾರದು ಅಂತ ಹೇಳು. ನೂರು ಕಾಲ ಸುಖವಾಗಿರಿ.

ನಿನ್ನ ಅಕ್ಕ

ಮರೆತ ಮಾತು: ಮರೆತೆ ಅನ್ನುವುದು ಸುಳ್ಳು. ಎರಡು ಕಾಗದದಲ್ಲೂ ಬರೆಯಲಾಗದೆ ಇಲ್ಲಿಯವರೆಗೆ ಬಂದೆ. ಅಮ್ಮ ತೀರಿಕೊಳ್ಳುವ ಮುಂಚೆ ನಮ್ಮ ಮನೆಯಲ್ಲಿದ್ದ ಕೊನೆಯ ನಾಲ್ಕು ತಿಂಗಳು ನಾನು ಅವಳನ್ನು ಕಟ್ಟಿಹಾಕುತ್ತಿದ್ದೆ. ಮರೆವಿನಲ್ಲಿ ಬೀದಿಗೆ ಹೋಗಿಬಿಡುತ್ತಿದ್ದಳು, ಒಮ್ಮೆ ಒಲೆ ಹಚ್ಚಿದ್ದಳು. ನೋಡಿಕೊಳ್ಳಲು ಯಾರೂ ಸಿಗಲಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆ ಹಳೇ ಹೊದಿಕೆಯಿಂದ ಹರಿದ ಪಟ್ಟಿಯಲ್ಲಿ ಎರಡೂ ಕೈಗಳನ್ನು ಕುರ್ಚಿಗೆ ಕಟ್ಟಿ, ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದೆ. ನಡುವೆ ಬಂದು ಬಿಚ್ಚುವವರೆಗೆ ಎರಡು ಗಂಟೆ, ಒಮ್ಮೊಮ್ಮೆ ಮೂರು. ನಿನ್ನ ಭಾವ ಅಷ್ಟರಲ್ಲಿ ಕೆಲಸಕ್ಕೆ ಹೋಗಿರುತ್ತಿದ್ದರು, ಅವರಿಗೂ ಗೊತ್ತಿಲ್ಲ. ನೀನು ಕೊನೆಯ ಸಲ ಬಂದಾಗ ಅವಳ ಮುಂಗೈಯ ಗುರುತು ನೋಡಿ "ಇದೇನಕ್ಕ" ಅಂದೆ. ಡ್ರಿಪ್ ಹಾಕಿದ್ದು ಅಂದೆ. ನೀನು ಎಣ್ಣೆ ತಂದು ಅಲ್ಲಿಗೆ ಹಚ್ಚಿದೆ, ನಾನು ಪಕ್ಕದಲ್ಲೇ ನಿಂತು ನೋಡಿದೆ. ಅಮ್ಮ ಒಂದು ದಿನವೂ ಕೊಸರಾಡಲಿಲ್ಲ ಗುಂಡು. ನಾನು ಪಟ್ಟಿ ತಂದ ಕೂಡಲೇ ಬಳೆ ತೊಡಿಸುತ್ತಾಳೆ ಅಂದುಕೊಂಡು ತಾನಾಗಿಯೇ ಎರಡೂ ಕೈ ಚಾಚುತ್ತಿದ್ದಳು.